ಎಂಜಿನ್ ಆರಿಸುವ ಮುನ್ನ ಸೂಜಿ ನೋಡಿ

ಸ್ಪೋರ್ಟ್ಸ್ ಕಾರಿನ ಎಂಜಿನ್ ಎಂದರೆ ಎಲ್ಲರ ಕಣ್ಣೂ ಎಚ್‌ಪಿ ಮೇಲೆ. ಆ ಎಚ್‌ಪಿ ಯಾವ ಆರ್‌ಪಿಎಂನಲ್ಲಿ ಸಿಗುತ್ತದೆ, ನಿಮ್ಮ ರಸ್ತೆಯಲ್ಲಿ ಸೂಜಿ ಅಲ್ಲಿಗೆ ಹೋಗುವುದುಂಟೇ ಎಂದು ಕೇಳುವವರು ಕಡಿಮೆ.

ಬೀದರ್ ಜಿಲ್ಲೆಯ ಯಾವ ಊರಲ್ಲೇ ಆಗಲಿ, ಹೊಸ ಗಾಡಿ ತಂದು ನಿಲ್ಲಿಸಿದರೆ ಸುತ್ತ ಸೇರಿದವರ ಬಾಯಲ್ಲಿ ಎರಡು ಪ್ರಶ್ನೆ ಕಾಯಂ. ‘ಪಿಕಪ್ ಹೆಂಗದ?’ ‘ಅವರೇಜ್ ಎಷ್ಟು ಕೊಡ್ತದ?’ ಠಾಣಾ ಕುಶನೂರಿನ ಚಹಾದಂಗಡಿಯಿಂದ ಭಾಲ್ಕಿಯ ಗ್ಯಾರೇಜುಗಳವರೆಗೆ ಇದೇ ಮಾತು. ಮೊಬೈಲಿನಲ್ಲಿ ರೇಸ್ ಕಾರುಗಳ ರೀಲ್ಸ್ ನೋಡಿ ಬೆಳೆದ ಹುಡುಗರು ಈಚೆಗೆ ಮೂರನೆಯದೊಂದನ್ನು ಸೇರಿಸಿದ್ದಾರೆ: ‘ಎಷ್ಟು ಎಚ್‌ಪಿ?’

ಮೂರನೆಯ ಪ್ರಶ್ನೆ ತಾಂತ್ರಿಕವಾಗಿ ಕೇಳಿಸುತ್ತದೆ, ಮೊದಲೆರಡು ಹಳ್ಳಿಯ ಕುತೂಹಲದಂತೆ. ಆದರೆ ಕಾರಿಗೆ ಎಂಜಿನ್ ಆರಿಸಲು ಕೂತ ಎಂಜಿನಿಯರ್ ಮೊದಲು ಕೇಳುವುದು ಹಳಬರ ಪ್ರಶ್ನೆಗಳನ್ನೇ. ಕಂಪನಿಯ ಹಾಳೆಯಲ್ಲಿ ಅಚ್ಚಾದ ಎಚ್‌ಪಿ ಆರ್‌ಪಿಎಂ ಮೀಟರಿನ ಒಂದೇ ಒಂದು ಬಿಂದುವಿನಲ್ಲಿ ಸಿಗುವ ಶಕ್ತಿ. ಸೂಜಿ ಅಲ್ಲಿಗೆ ಹೋಗದಿದ್ದರೆ ಆ ಶಕ್ತಿಗೆ ದುಡ್ಡು ಕೊಟ್ಟದ್ದಷ್ಟೇ ಬಂತು. ರಸ್ತೆಯ ಎಂಜಿನ್ ಬೇರೆ, ಟ್ರ್ಯಾಕಿನ ಎಂಜಿನ್ ಬೇರೆ ಎನ್ನುವುದರ ತಿರುಳು ಇಷ್ಟೇ: ಸೂಜಿ ದಿನದ ಬಹುಪಾಲು ಎಲ್ಲಿ ಇರುತ್ತದೋ ಅಲ್ಲಿ ಬಲವಾಗಿರುವ ಎಂಜಿನ್ ಬೇಕು.

ಟ್ರ್ಯಾಕ್ಟರಿಗೆ ಅರ್ಧ ಶಕ್ತಿ, ಹೆಚ್ಚು ಎಳೆತ

ಎಂಜಿನ್ನಿನ ದಂಡವನ್ನು ತಿರುಚುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಅಳತೆ ನ್ಯೂಟನ್ ಮೀಟರ್‌ನಲ್ಲಿ. ಆ ಬಲ ನಿಮಿಷಕ್ಕೆ ಎಷ್ಟು ಸುತ್ತು ಕೆಲಸ ಮಾಡಿತು ಎಂಬುದನ್ನೂ ಸೇರಿಸಿದರೆ ಶಕ್ತಿ, ಅಂದರೆ ಎಚ್‌ಪಿ. ಟಾರ್ಕನ್ನು ಸುತ್ತಿನಿಂದ ಗುಣಿಸಿ ಸುಮಾರು ಏಳು ಸಾವಿರದಿಂದ ಭಾಗಿಸಿದರೆ ಎಚ್‌ಪಿ ಬರುತ್ತದೆ. ಇದಕ್ಕಿಂತ ದೊಡ್ಡ ಗಣಿತ ಈ ಲೇಖನದಲ್ಲಿಲ್ಲ.

ಔರಾದ ಸೀಮೆಯ ಎರೆಹೊಲದಲ್ಲಿ ಓಡುವ 45 ಎಚ್‌ಪಿಯ ಟ್ರ್ಯಾಕ್ಟರ್ ಆ ಶಕ್ತಿಯನ್ನು ಕೊಡುವುದು ಸುಮಾರು 2,000 ಸುತ್ತಿನಲ್ಲಿ. ಲೆಕ್ಕ ಹಾಕಿದರೆ ಟಾರ್ಕ್ 160ರ ಆಸುಪಾಸು. 2005ರಲ್ಲಿ ಬಂದ ಮೊದಲ ಮಾರುತಿ ಸ್ವಿಫ್ಟ್‌ನ 1.3 ಲೀಟರ್ ಪೆಟ್ರೋಲ್ ಎಂಜಿನ್ 87 ಎಚ್‌ಪಿಯದು, ಅಂದರೆ ಟ್ರ್ಯಾಕ್ಟರಿನ ಹೆಚ್ಚುಕಡಿಮೆ ಎರಡರಷ್ಟು. ಅದರ ಗರಿಷ್ಠ ಟಾರ್ಕ್ ಮಾತ್ರ 113, ಅದೂ 4,500 ಸುತ್ತಿಗೆ. ಕೆಳಗಿನ ಸುತ್ತಿನಲ್ಲೇ ಭಾರ ಎಳೆಯಬೇಕಾದದ್ದಕ್ಕೆ ಒಂದು ಬಗೆ, ಹಗುರ ಮೈಯನ್ನು ಜೋರಾಗಿ ಓಡಿಸಬೇಕಾದದ್ದಕ್ಕೆ ಇನ್ನೊಂದು ಬಗೆ.

ಅದೇ ಸ್ವಿಫ್ಟ್‌ಗೆ 2007ರಲ್ಲಿ 1.3 ಲೀಟರಿನ ಡೀಸೆಲ್ ಎಂಜಿನ್ ಬಂತು. 75 ಎಚ್‌ಪಿ; ಪೆಟ್ರೋಲಿಗಿಂತ 12 ಕಡಿಮೆ. ಟಾರ್ಕ್ ಮಾತ್ರ 190, ಅದೂ 2,000 ಸುತ್ತಿಗೇ. ಈಗ ಕಬ್ಬಿನ ಹಂಗಾಮಿನಲ್ಲಿ ಭಾಲ್ಕಿಯಿಂದ ಮಾಂಜ್ರಾ ದಾಟಿ ಠಾಣಾ ಕುಶನೂರಿನ ಕಡೆ ಹೊರಟಿದ್ದೀರಿ ಅಂದುಕೊಳ್ಳಿ. ಮುಂದೆ ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್. ಕಬ್ಬಿನ ತುದಿಗಳು ಎರಡೂ ಬದಿ ರಸ್ತೆಗೆ ಚಾಚಿಕೊಂಡಿವೆ, ಹಿಂದಿನ ದೀಪ ಗರಿಗಳಲ್ಲಿ ಮುಚ್ಚಿಹೋಗಿದೆ. ಸೂಜಿ 2,000ದ ಹತ್ತಿರ ಇದೆ. ಎದುರಿಗೆ ರಸ್ತೆ ಖಾಲಿಯಾಯಿತು, ಆಕ್ಸಿಲರೇಟರ್ ಒತ್ತಿದಿರಿ. ಡೀಸೆಲ್ ಎಂಜಿನ್ ಆ ಕ್ಷಣದಲ್ಲಿ ಕೊಡುವುದು 54 ಎಚ್‌ಪಿ. ಪೆಟ್ರೋಲ್ ಎಂಜಿನ್ ತನ್ನ 113 ಟಾರ್ಕನ್ನು ಅಷ್ಟು ಕೆಳಗೇ ಪೂರ್ತಿ ಕೊಟ್ಟಿತೆಂದು ಉದಾರವಾಗಿ ಲೆಕ್ಕ ಹಾಕಿದರೂ 32 ಎಚ್‌ಪಿ. ಹಾಳೆಯ ಮೇಲೆ ಗೆದ್ದ ಎಂಜಿನ್ ಟ್ರಾಲಿಯ ಹಿಂದೆ ಸೋತಿತು. ‘ಪಿಕಪ್ ಹೆಂಗದ’ ಎಂದು ಕೇಳುವವರು ಇದನ್ನೇ ಕೇಳುತ್ತಿರುವುದು.

ಪೆಟ್ರೋಲಿನವನು ಗೇರ್ ಇಳಿಸಿ ಸೂಜಿಯನ್ನು 4,500ಕ್ಕೆ ಏರಿಸಿದರೆ ಅವನಿಗೂ 72 ಎಚ್‌ಪಿ ಸಿಗುತ್ತದೆ. 6,000ಕ್ಕೆ ಏರಿಸಿದರೆ 87. ಆಟ ತಿರುಗಿತು. ಆದರೆ ಪ್ರತಿ ಟ್ರಾಲಿಗೂ ಹೀಗೆ ಮಾಡುತ್ತ ಠಾಣಾ ಕುಶನೂರು ಮುಟ್ಟುವಷ್ಟರಲ್ಲಿ ಕೈಯೂ ಸೋಲುತ್ತದೆ, ಅವರೇಜೂ ಬೀಳುತ್ತದೆ.

ಒಂದೇ ಎಂಜಿನ್, ಎರಡು ಬಾಳು

ಟ್ಯಾಕ್ಸಿಯಾಗಿ, ಮದುವೆ ದಿಬ್ಬಣದ ಗಾಡಿಯಾಗಿ ಊರೂರು ಸುತ್ತಿದ ಇದೇ ಸ್ವಿಫ್ಟ್ 1.3 ಪೆಟ್ರೋಲ್ ಎಂಜಿನ್ನಿಗೆ ಇನ್ನೊಂದು ಬಾಳೂ ಇದೆ. ನಮ್ಮ ದೇಶದ ಫಾರ್ಮುಲಾ ಎಲ್‌ಜಿಬಿ ರೇಸುಗಳ ಒಂಟಿ ಸೀಟಿನ ಕಾರುಗಳಿಗೆ ಇದೇ ಎಂಜಿನ್. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗಳಲ್ಲಿ ದಶಕಗಳಿಂದ ಹೊಸ ಹುಡುಗರು ಪಳಗುವುದು ಇಂಥ ಕಾರುಗಳಲ್ಲಿ. ಅದಕ್ಕೂ ಮೊದಲು ಫಾರ್ಮುಲಾ ಮಾರುತಿ ಇತ್ತು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ 796 ಸಿಸಿ ಎಂಜಿನ್ ಕೂರಿಸಿ ಕಟ್ಟಿದ ಪುಟ್ಟ ರೇಸ್ ಕಾರು ಅದು. 2005ರಲ್ಲಿ ಫಾರ್ಮುಲಾ ಒನ್‌ಗೆ ಕಾಲಿಟ್ಟ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ರೇಸ್ ಬದುಕು ಆರಂಭಿಸಿದ್ದೂ ಫಾರ್ಮುಲಾ ಮಾರುತಿಯಲ್ಲೇ.

ಮನೆಮಂದಿಯ ಕಾರಿನ ಎಂಜಿನ್ ರೇಸಿಗೆ ಹೇಗೆ ಒಗ್ಗಿತು? ರೇಸ್ ಕಾರಿಗೆ ಛಾವಣಿ ಇಲ್ಲ, ಬಾಗಿಲಿಲ್ಲ, ಎಸಿ ಇಲ್ಲ, ಹಿಂದಿನ ಸೀಟಿಲ್ಲ. ಎಳೆಯಬೇಕಾದ ಭಾರವೇ ಇಳಿದಾಗ ಕೆಳಗಿನ ಸುತ್ತಿನ ಟಾರ್ಕ್ ಕೊರತೆ ಕಾಡುವುದಿಲ್ಲ. ಚಾಲಕ ಸೂಜಿಯನ್ನು ಮೇಲಿನ ಮೂರನೇ ಒಂದು ಪಾಲಿನಿಂದ ಕೆಳಗಿಳಿಯಲು ಬಿಡುವುದೂ ಇಲ್ಲ. ತಿರುವಿಗೆ ಮುನ್ನ ಬ್ರೇಕ್ ಹಾಕುತ್ತಲೇ ಗೇರ್ ಇಳಿಸಿ, ತಿರುವು ಮುಗಿಯುವಾಗ ಎಂಜಿನ್ ಜೋರಾಗಿ ಸುತ್ತುತ್ತಿರುವಂತೆ ನೋಡಿಕೊಳ್ಳುತ್ತಾನೆ. ರಸ್ತೆಯಲ್ಲಿ ವರ್ಷಕ್ಕೊಮ್ಮೆ ಸೂಜಿ ಮುಟ್ಟುವ ಜಾಗದಲ್ಲಿ ಇಲ್ಲಿ ಅದು ಕಾಯಂ ವಾಸಿ.

ಎಂಜಿನ್ ಒಂದರ ಮೇಲೆ ಎಲ್ಲವೂ ನಿಂತಿಲ್ಲ ಎನ್ನುವುದಕ್ಕೂ ಇದು ಸಾಕ್ಷಿ. ರಸ್ತೆಯ ಗೇರ್‌ಬಾಕ್ಸಿನಲ್ಲಿ ಗೇರಿನಿಂದ ಗೇರಿಗೆ ಅಂತರ ದೊಡ್ಡದು. ಮೇಲಿನ ಗೇರಿಗೆ ಹಾಕಿದೊಡನೆ ಸೂಜಿ ಧೊಪ್ಪೆಂದು ಬೀಳುತ್ತದೆ. ರೇಸಿನ ಗೇರುಗಳು ಒಂದಕ್ಕೊಂದು ಹತ್ತಿರ. ಬಿದ್ದ ಸೂಜಿ ಬಲವಿರುವ ಜಾಗದಲ್ಲೇ ಬಂದು ನಿಲ್ಲುತ್ತದೆ. ಮೇಲೆ ಕೂಗುವ ಎಂಜಿನ್ ತಂದು ಅಗಲ ಗೇರಿನ ಪೆಟ್ಟಿಗೆಗೆ ಜೋಡಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ.

ಉಸಿರಿನ ಲೆಕ್ಕ

ಒಂದೇ ಗಾತ್ರದ ಎರಡು ಎಂಜಿನ್‌ಗಳಲ್ಲಿ ಒಂದು ಕೆಳಗೆ ಬಲಶಾಲಿ, ಇನ್ನೊಂದು ಮೇಲೆ. ಏಕೆ? ಎಂಜಿನ್ ಉಸಿರಾಡುವ ಬಗೆಯೇ ಕಾರಣ. ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವುಗಳನ್ನು ತೆರೆಯುವುದು ಕ್ಯಾಮ್‌ಶಾಫ್ಟ್ ಎಂಬ ಉಬ್ಬುಗಳುಳ್ಳ ದಂಡ. ಉಬ್ಬು ಅಗಲವಾಗಿದ್ದರೆ ವಾಲ್ವು ಹೆಚ್ಚು ಹೊತ್ತು ತೆರೆದಿರುತ್ತದೆ. ಎಂಜಿನ್ 7,000 ಸುತ್ತಿನಲ್ಲಿರುವಾಗ ಗಾಳಿಗೆ ಒಳನುಗ್ಗಲು ಸಿಗುವ ಸಮಯ ತೀರಾ ಕಡಿಮೆ. ಆಗ ಹೀಗೆ ಹೆಚ್ಚು ಹೊತ್ತು ತೆರೆದ ಬಾಗಿಲು ವರ. ಅದೇ ಬಾಗಿಲು 1,500 ಸುತ್ತಿನಲ್ಲಿ ಶಾಪ. ಒಳಬಂದ ಗಾಳಿಯೇ ಹಿಮ್ಮುಖವಾಗಿ ಹೊರಟುಬಿಡುತ್ತದೆ, ಎಂಜಿನ್ ನಿಂತಲ್ಲೇ ಗಡಗಡ ನಡುಗುತ್ತದೆ, ಸಿಗ್ನಲ್ ಬಿಟ್ಟಾಗ ಕ್ಲಚ್ ಬಿಡುತ್ತಿದ್ದಂತೆ ಬಂದ್ ಬೀಳುತ್ತದೆ. ‘ರೇಸ್ ಕ್ಯಾಮ್’ ಹಾಕಿಸಿಕೊಂಡು ಬಂದು ಊರೊಳಗೆ ಪೇಚಾಡುವವರ ಪಾಡು ಇದು.

ಈ ಜಗಳಕ್ಕೆ 1989ರಲ್ಲಿ ಹೋಂಡಾ ಕಂಡುಕೊಂಡ ರಾಜಿಸೂತ್ರ ವಿಟೆಕ್. ಒಂದೇ ದಂಡದ ಮೇಲೆ ಎರಡು ಬಗೆಯ ಉಬ್ಬು. ಕೆಳಗಿನ ಸುತ್ತಿಗೆ ಒಂದು, ಮೇಲಿನದಕ್ಕೆ ಇನ್ನೊಂದು. ಇಂಡಿಯಾದಲ್ಲಿ 2000ದ ಹೊತ್ತಿಗೆ ಬಂದ ಹೋಂಡಾ ಸಿಟಿ 1.5 ವಿಟೆಕ್ 106 ಎಚ್‌ಪಿಯದು. ಸಂಸಾರಸ್ಥರ ಸೆಡಾನ್ ಆಗಿದ್ದ ಅದನ್ನು ರೇಸಿನವರು ಮುಗಿಬಿದ್ದು ಕೊಂಡದ್ದು ಈ ಎರಡು ಮುಖದ ಎಂಜಿನ್ನಿಗಾಗಿ.

ಹೆಚ್ಚು ಸುತ್ತಿಗೆ ಇನ್ನೊಂದು ಸುಂಕ ತೆರಬೇಕು. ಪಿಸ್ಟನ್ ಮೇಲೆ ಹೋಗಿ ನಿಂತು, ತಿರುಗಿ ಕೆಳಗೆ ಬರಬೇಕು, ಪ್ರತಿ ಸುತ್ತಿನಲ್ಲೂ. ಆ ಎಳೆದಾಟದ ಬಲ ಸುತ್ತಿನ ವರ್ಗದಂತೆ ಏರುತ್ತದೆ: 6,000ದಿಂದ 9,000ಕ್ಕೆ ಹೋದರೆ ವೇಗ ಒಂದೂವರೆಪಟ್ಟು, ಬೇರಿಂಗು–ಕನೆಕ್ಟಿಂಗ್ ರಾಡುಗಳ ಮೇಲಿನ ಬಲ ಎರಡೂಕಾಲು ಪಟ್ಟು. ಅದಕ್ಕೇ ರೇಸ್ ಎಂಜಿನ್ನಿನೊಳಗೆ ದುಬಾರಿ ಲೋಹ, ಪದೇಪದೇ ಬಿಚ್ಚಿ ಕಟ್ಟುವ ಕೆಲಸ. ರಸ್ತೆಯ ಎಂಜಿನ್ ಲಕ್ಷ ಕಿಲೋಮೀಟರ್ ಕಳೆದರೂ ತಲೆ ಬಿಚ್ಚಿಸಿಕೊಳ್ಳದೆ ಓಡುವುದು ಈ ಸುಂಕ ತೆರದೆ ಉಳಿದದ್ದರಿಂದ.

ದೊಡ್ಡವರು ಬಗ್ಗಿದ್ದು ಎಲ್ಲಿ

ಸ್ಪೋರ್ಟ್ಸ್ ಕಾರು ಕಟ್ಟುವ ಕಂಪನಿಗಳೂ ಈ ತಕ್ಕಡಿಯಲ್ಲಿ ತೂಗಾಡಿವೆ. ಹೋಂಡಾ 1999ರಲ್ಲಿ ಎಸ್2000 ತಂದಾಗ ಅದರ 2 ಲೀಟರ್ ಎಂಜಿನ್ ಟರ್ಬೊ ಇಲ್ಲದೆಯೇ ಜಪಾನಿನಲ್ಲಿ 250 ಎಚ್‌ಪಿ ಕೊಡುತ್ತಿತ್ತು. ಸೂಜಿ 9,000ದವರೆಗೆ ಏರುತ್ತಿತ್ತು. ಟ್ರ್ಯಾಕಿಗೆ ಹೋದವರು ಹೊಗಳಿದರು. ಊರೊಳಗೆ ಓಡಿಸಿದವರಿಗೆ ಕೆಳಗಿನ ಸುತ್ತಿನಲ್ಲಿ ಜೀವವಿಲ್ಲ ಎನ್ನಿಸಿತು. 2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಕಂಪನಿ ಪಿಸ್ಟನ್ನಿನ ಓಟವನ್ನು 84ರಿಂದ 90.7 ಮಿಲಿಮೀಟರಿಗೆ ಹೆಚ್ಚಿಸಿ ಎಂಜಿನ್ನನ್ನು 2.2 ಲೀಟರ್ ಮಾಡಿತು. ಸೂಜಿಯ ಮಿತಿ 8,000ದ ಆಸುಪಾಸಿಗೆ ಇಳಿಯಿತು, ಗರಿಷ್ಠ ಟಾರ್ಕ್ 7,500ರ ಬದಲು 6,500ಕ್ಕೇ ಸಿಗತೊಡಗಿತು. ಹಾಳೆಯ ಮೇಲಿನ ಎಚ್‌ಪಿ ಅಮೆರಿಕದಲ್ಲಿ ಮೊದಲು ಇದ್ದಷ್ಟೇ, 240. ಅಂಕಿ ಬದಲಾಗದೆ ಕಾರು ಬದಲಾಯಿತು.

ಪೋರ್ಷೆ ರಾಜಿ ಮಾಡಿಕೊಳ್ಳಲಿಲ್ಲ, ಎರಡು ಎಂಜಿನ್ ಕಟ್ಟಿತು. ದಿನಬಳಕೆಯ 911 ಕರೆರಾಗೆ 2015ರಲ್ಲಿ ಬಂದದ್ದು 3 ಲೀಟರಿನ ಟರ್ಬೊ ಎಂಜಿನ್: 370 ಎಚ್‌ಪಿ, ಟಾರ್ಕ್ 450. ಅದೇ ಪೀಳಿಗೆಯ ಟ್ರ್ಯಾಕ್ ತಳಿ ಜಿಟಿ3ಗೆ ಟರ್ಬೊ ಇಲ್ಲದ 4 ಲೀಟರ್: 500 ಎಚ್‌ಪಿ, ಟಾರ್ಕ್ 460. ಟಾರ್ಕಿನ ಅಂಕಿಗಳನ್ನು ಪಕ್ಕಪಕ್ಕ ಇಡಿ: 450, 460. ಹೆಚ್ಚುಕಡಿಮೆ ಒಂದೇ. ಎಚ್‌ಪಿಯಲ್ಲಿ 130ರ ಅಂತರ ಎಲ್ಲಿಂದ ಬಂತು? ಕರೆರಾದ 450 ಸಿಗುವುದು 1,700ರಿಂದ 5,000 ಸುತ್ತಿನವರೆಗೆ. ಜಿಟಿ3ಯ 460 ಸಿಗುವುದು 6,000ದಲ್ಲಿ, ಆಮೇಲೂ ಅದು 9,000ದವರೆಗೆ ಸುತ್ತುತ್ತದೆ. ಬಲ ಒಂದೇ, ಅದನ್ನು ಇಟ್ಟ ಜಾಗ ಬೇರೆ. ಸಂತೆಯ ದಿನ ಭಾಲ್ಕಿಯ ಪೇಟೆಯಲ್ಲಿ ತೆವಳಲು ಮೊದಲನೆಯದೇ ಸಲೀಸು.

ಬೀದರಿನ ಬಾನಿನಲ್ಲೊಂದು ಉದಾಹರಣೆ

ಕೆಲಸಕ್ಕೆ ತಕ್ಕ ಎಂಜಿನ್ ಎನ್ನುವ ಮಾತಿಗೆ ಬೀದರಿನವರು ಆಕಾಶ ನೋಡಿದರೂ ಸಾಕು. ಬೀದರ್ ವಾಯುನೆಲೆಯಿಂದ ಏಳುವ ಹಾಕ್ ವಿಮಾನಗಳು 2008ರಿಂದ ಯುದ್ಧವಿಮಾನ ಚಾಲಕರನ್ನು ಪಳಗಿಸುತ್ತಿವೆ. ಸೂರ್ಯಕಿರಣ ತಂಡದ ಕೆಂಪು–ಬಿಳಿ ವಿಮಾನಗಳೂ ಹಾಕ್‌ಗಳೇ. ಅವುಗಳ ಜೆಟ್ ಎಂಜಿನ್ನಿನ ಹೆಸರು ಅಡೂರ್. ಬಾಂಬು ಹೊತ್ತು ನೆಲಮಟ್ಟದಲ್ಲಿ ನುಗ್ಗುವ ಜಾಗ್ವಾರ್ ಯುದ್ಧವಿಮಾನಕ್ಕೂ ಅಡೂರ್ ಕುಟುಂಬದ್ದೇ ಎಂಜಿನ್, ಅದೂ ಒಂದಲ್ಲ, ಎರಡು. ವ್ಯತ್ಯಾಸ ಬಾಲದಲ್ಲಿದೆ. ಜಾಗ್ವಾರ್‌ನ ಎಂಜಿನ್ನಿಗೆ ಆಫ್ಟರ್‌ಬರ್ನರ್ ಇದೆ. ಹೊರಹೋಗುವ ಬಿಸಿ ಗಾಳಿಗೆ ಮತ್ತೆ ಇಂಧನ ಸುರಿದು ಹೊತ್ತಿಸಿದರೆ ಕೆಲಹೊತ್ತು ಹೆಚ್ಚುವರಿ ನೂಕುಬಲ ಸಿಗುತ್ತದೆ, ಇಂಧನ ನೀರಿನಂತೆ ಖರ್ಚಾಗುತ್ತದೆ. ಪದೇಪದೇ ಏರಿ ಇಳಿಯುವ, ಕಲಿಯುವವರ ಕೈಯಲ್ಲಿ ವರ್ಷಗಟ್ಟಲೆ ಬಾಳಬೇಕಾದ ಹಾಕ್‌ಗೆ ಅದು ಬೇಡ. ಅದರ ಎಂಜಿನ್ನಿಗೆ ಆಫ್ಟರ್‌ಬರ್ನರ್ ಇಲ್ಲ. ಇದನ್ನು ಕೊರತೆ ಎಂದು ಯಾವ ಚಾಲಕನೂ ಹೇಳುವುದಿಲ್ಲ.

ಬಿಸಿಲು, ಧೂಳು, ಎಣ್ಣೆ

ರಸ್ತೆಯಲ್ಲಿ ಆಕ್ಸಿಲರೇಟರನ್ನು ತಳಮುಟ್ಟ ಒತ್ತಿ ಹಿಡಿಯುವುದು ಹೆಚ್ಚೆಂದರೆ ಕೆಲವು ಸೆಕೆಂಡು. ಹುಮನಾಬಾದ್ ಬಳಿ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲೂ ಅಷ್ಟೇ. ಆಮೇಲೆ ಕಾಲು ಸಡಿಲಿಸಲೇಬೇಕು. ಟ್ರ್ಯಾಕಿನಲ್ಲಿ ಹದಿನೈದು–ಇಪ್ಪತ್ತು ನಿಮಿಷ ಎಂಜಿನ್ನಿಗೆ ಬಿಡುವಿಲ್ಲ. ರೇಡಿಯೇಟರಿನ ನೀರಿಗಿಂತ ಮೊದಲು ಸೋಲುವುದು ಎಣ್ಣೆ. ಕಾದು ತೆಳ್ಳಗಾದ ಎಣ್ಣೆ ಬೇರಿಂಗನ್ನು ಕಾಯುವುದಿಲ್ಲ. ಉದ್ದ ತಿರುವಿನಲ್ಲಿ ತಳದ ತಟ್ಟೆಯ ಎಣ್ಣೆಯೆಲ್ಲ ಒಂದು ಬದಿಗೆ ಸರಿದು ಪಂಪಿನ ಬಾಯಿಗೆ ಗಾಳಿಯಷ್ಟೇ ಸಿಗುವುದೂ ಉಂಟು. ಎಂಜಿನ್ ಸೀಜ್ ಆಗಲು ಅಷ್ಟು ಸಾಕು. ಅದಕ್ಕೇ ಟ್ರ್ಯಾಕಿನ ಎಂಜಿನ್ನಿಗೆ ಎಣ್ಣೆ ತಂಪಾಗಿಸುವ ಪ್ರತ್ಯೇಕ ಕೂಲರ್, ತಟ್ಟೆಯೊಳಗೆ ಎಣ್ಣೆ ಓಡದಂತೆ ಅಡ್ಡಗೋಡೆ, ದೊಡ್ಡ ರೇಸುಗಳಲ್ಲಿ ತಟ್ಟೆಯಲ್ಲಿ ನಿಲ್ಲಗೊಡದೆ ಪ್ರತ್ಯೇಕ ಟ್ಯಾಂಕಿನಲ್ಲಿ ಎಣ್ಣೆ ಇಡುವ ಡ್ರೈ ಸಂಪ್ ವ್ಯವಸ್ಥೆ.

ನಮ್ಮ ಸೀಮೆಯ ರಸ್ತೆಗೆ ಬೇರೆಯೇ ಪರೀಕ್ಷೆಗಳಿವೆ. ಬೀದರ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಗಾಳಿಯ ಒತ್ತಡ ನೂರಕ್ಕೆ ಏಳರಷ್ಟು ಕಡಿಮೆ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟಿದರೆ, 25 ಡಿಗ್ರಿಯ ಗಾಳಿಗಿಂತ ಇನ್ನೂ ನೂರಕ್ಕೆ ಐದರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಎಳೆದುಕೊಳ್ಳುವ ಗಾಳಿ ಎಷ್ಟು ತೆಳುವೋ ಅದರ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಔರಾದಿನಲ್ಲಿ 100 ಎಚ್‌ಪಿಯ ಕಾರು 90ರ ಕಾರಿನಂತೆ ಓಡುವುದು ಇದರಿಂದ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಈ ಸೀಮೆಯಲ್ಲಿ ಸಣ್ಣ ಟರ್ಬೊ ಎಂಜಿನ್ನಿಗೆ ಇದೊಂದು ಹೆಚ್ಚಿನ ಅಂಕ.

ಇನ್ನು ಧೂಳು. ಇಲ್ಲಿನ ಗಾಡಿಗಳ ಏರ್ ಫಿಲ್ಟರ್ ಬಿಚ್ಚಿ ಗೋಡೆಗೆ ಬಡಿದರೆ ಊರು ಊರಿಗೂ ಬಣ್ಣ ಬೇರೆ: ಬೀದರಿನ ಜಂಬಿಟ್ಟಿಗೆ ನೆಲದ ಕೆಂಪು, ಮಾಂಜ್ರಾ ದಾಟಿದ ಮೇಲಿನ ಎರೆಮಣ್ಣಿನ ಬೂದು. ಮಡಿಕೆಗಳ ನಡುವೆ ಅದು ಹಿಟ್ಟಿನಂತೆ ಕೂತಿರುತ್ತದೆ. ಸದ್ದು ಚೆನ್ನಾಗಿರುತ್ತದೆಂದು ಕಂಪನಿಯ ಫಿಲ್ಟರ್ ಡಬ್ಬಿ ಕಿತ್ತು ಬಯಲು ಕೋನ್ ಫಿಲ್ಟರ್ ಹಾಕಿಸಿದವರ ಎಂಜಿನ್, ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೂ ಈ ಧೂಳನ್ನೂ ಒಟ್ಟಿಗೆ ನುಂಗುತ್ತದೆ. ಗುಡಿಸಿ ಒರೆಸಿದ ಡಾಂಬರು ಟ್ರ್ಯಾಕಿನಲ್ಲಿ ಅದು ನಡೆದೀತು, ಸೋಯಾ ರಾಶಿಯ ಕಾಲದಲ್ಲಿ ಸಂತಪೂರ ರಸ್ತೆಯಲ್ಲಿ ನಡೆಯದು.

ಪೆಟ್ರೋಲಿನ ಮಾತೂ ಇದೆ. ರೇಸ್ ಎಂಜಿನ್ ಗಾಳಿ–ಪೆಟ್ರೋಲ್ ಮಿಶ್ರಣವನ್ನು ಹೆಚ್ಚು ಹಿಂಡುತ್ತದೆ, ಹಿಂಡಿದಷ್ಟೂ ಶಕ್ತಿ. ಆದರೆ ಕಿಡಿ ಹೊತ್ತಿಸಿದ ಉರಿ ಮುಟ್ಟುವ ಮೊದಲೇ ಮಿಶ್ರಣ ತಾನೇ ಸ್ಫೋಟಿಸಿದರೆ ಎಂಜಿನ್ ಒಳಗೇ ಸುತ್ತಿಗೆ ಏಟು ತಿನ್ನುತ್ತದೆ. ಅದನ್ನು ತಡೆಯುವ ಗುಣವೇ ಆಕ್ಟೇನ್. 100 ಆಕ್ಟೇನ್ ಪೆಟ್ರೋಲ್ 2020ರ ಕೊನೆಯಲ್ಲಿ ದೇಶದ ಕೆಲವು ದೊಡ್ಡ ನಗರಗಳಿಗೆ ಬಂತು. ತಾಲ್ಲೂಕಿನ ಬಂಕಿನಲ್ಲಿ ಅದನ್ನು ನಂಬಿಕೊಂಡು ಕೂರಲಾಗದು. ಈಗ ಎಲ್ಲೆಡೆ ಸಿಗುವ ನೂರಕ್ಕೆ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಆಕ್ಟೇನ್ ಜಾಸ್ತಿ, ಲೀಟರಿಗೆ ಸಿಗುವ ಶಾಖ ಕಡಿಮೆ. ಕಬ್ಬು ಬೆಳೆಯುವವರ ಜೇಬಿಗೆ ಒಳಿತು, ‘ಅವರೇಜ್ ಎಷ್ಟು’ ಎಂದು ಕೇಳುವವರಿಗೆ ತುಸು ಬೇಸರ. ಹಳೆಯ ಎಂಜಿನ್ ತಂದು ಕೂರಿಸುವವರು ಅದರ ರಬ್ಬರ್ ಕೊಳವೆ, ಸೀಲುಗಳು ಎಥೆನಾಲ್ ತಾಳುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಟ್ರ್ಯಾಕ್ ಎಂದರೆ ಒಂದೇ ಅಲ್ಲ

ನೊಯಿಡಾ ಬಳಿಯ ಬುದ್ಧ್ ಸರ್ಕ್ಯೂಟಿನ ಒಂದು ಸುತ್ತು 5.125 ಕಿಲೋಮೀಟರ್, ಒಂದು ಕಿಲೋಮೀಟರಿಗೂ ಉದ್ದದ ನೇರ ಓಟ ಅದರಲ್ಲಿದೆ. ಅಲ್ಲಿ ದೊಡ್ಡ ಎಚ್‌ಪಿಯೇ ರಾಜ. ಕರಿ ಸ್ಪೀಡ್‌ವೇ ಅದರ ಅರ್ಧಕ್ಕೂ ಚಿಕ್ಕದು, ತಿರುವಿನ ಬೆನ್ನಿಗೆ ತಿರುವು. ಅಲ್ಲಿ ತಿರುವಿನಿಂದ ಪುಟಿದೇಳುವ ನಡುಸುತ್ತಿನ ಟಾರ್ಕು, ಹಗುರ ಮೂತಿ ಗೆಲ್ಲಿಸುತ್ತವೆ. ಕರಿಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರು ಓಡಿಸುತ್ತಾರೆ. ಎಂಜಿನ್ 710 ಸಿಸಿ ಮೀರುವಂತಿಲ್ಲ, ಗಾಳಿ ಒಳಹೋಗುವುದೆಲ್ಲ 20 ಮಿಲಿಮೀಟರಿನ ಒಂದೇ ಕಿಂಡಿಯಿಂದ. ದೊಡ್ಡ ಎಂಜಿನ್ ಕೂರಿಸಿದರೂ ಮೇಲಿನ ಸುತ್ತಿನಲ್ಲಿ ಉಸಿರು ಕಟ್ಟುತ್ತದೆ. ಹಾಗಾಗಿ ಅನೇಕ ತಂಡಗಳ ಆಯ್ಕೆ ನಾಲ್ಕು ಸಿಲಿಂಡರಿನ ದೊಡ್ಡ ಬೈಕ್ ಎಂಜಿನ್ನಿನ ಬದಲು ಕೆಟಿಎಂ 390ರ ಹಗುರವಾದ 373 ಸಿಸಿ ಒಂಟಿ ಸಿಲಿಂಡರ್. ಭಾಲ್ಕಿ, ಬೀದರಿನ ಎಂಜಿನಿಯರಿಂಗ್ ಕಾಲೇಜುಗಳ ಗೇಟಿನ ಮುಂದೆ ನಿಂತ ಬೈಕುಗಳಲ್ಲೂ ಕಾಣಸಿಗುವ ಎಂಜಿನ್ ಅದು.

ಡೀಸೆಲ್ ಎಂದರೆ ರಸ್ತೆಗಷ್ಟೇ ಎಂದುಕೊಂಡರೂ ತಪ್ಪಾದೀತು. 2006ರಲ್ಲಿ ಫ್ರಾನ್ಸಿನ ಲೆ ಮಾನ್ 24 ತಾಸಿನ ರೇಸನ್ನು ಆಡಿ ಕಂಪನಿಯ ಆರ್10 ಡೀಸೆಲ್ ಎಂಜಿನ್ನಿನಿಂದಲೇ ಗೆದ್ದಿತು. ಅಂಥ ಗೆಲುವು ಅದೇ ಮೊದಲು. ಭಾರತದಲ್ಲಿ ಫೋಕ್ಸ್‌ವ್ಯಾಗನ್ 2010ರಲ್ಲಿ ಪೋಲೊ ಕಪ್ ಶುರು ಮಾಡಿದಾಗ ಕಾರುಗಳಲ್ಲಿ ಇದ್ದದ್ದು 130 ಎಚ್‌ಪಿಯ 1.6 ಡೀಸೆಲ್, 2012ಕ್ಕೆ 180 ಎಚ್‌ಪಿಯ ಪೆಟ್ರೋಲ್ ಬಂತು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆದ ಏಷ್ಯಾ–ಪೆಸಿಫಿಕ್ ರ‍್ಯಾಲಿಯಂಥ ಕಡೆ ಬೇಡಿಕೆಯೇ ಬೇರೆ: ಮುಂದಿನ ತಿರುವು ಹೇಗಿದೆಯೋ, ಜಲ್ಲಿ ಎಲ್ಲಿ ಜಾರಿಸುತ್ತದೋ ಗೊತ್ತಿಲ್ಲದಾಗ ಯಾವ ಸುತ್ತಿನಲ್ಲೂ ಕೈಕೊಡದ ಎಂಜಿನ್ ಬೇಕು.

2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಊರ ರಸ್ತೆಯೇ ಟ್ರ್ಯಾಕ್ ಆಯಿತು. ಬೀದರಿನ ಮಂದಿ ಆಸ್ಪತ್ರೆ, ವ್ಯಾಪಾರಕ್ಕೆಂದು ಹೋಗಿಬರುವ ಆ ನಗರದಲ್ಲಿ ಫಾರ್ಮುಲಾ ಇ ವಿದ್ಯುತ್ ಕಾರುಗಳ ವಿಶ್ವ ಚಾಂಪಿಯನ್‌ಷಿಪ್ ಸುತ್ತು ನಡೆಯಿತು. ಗೆದ್ದವನು ಫ್ರಾನ್ಸಿನ ಜ್ಯಾನ್ ಎರಿಕ್ ವೆರ್ನ್. ವಿದ್ಯುತ್ ಮೋಟಾರಿಗೆ ಸೊನ್ನೆ ಸುತ್ತಿನಿಂದಲೇ ಪೂರ್ತಿ ಟಾರ್ಕ್, ಹಾಗಾಗಿ ಸೂಜಿ ಎಲ್ಲಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಟ್ರಾಲಿ ದಾಟಲು ಅದರಷ್ಟು ಚುರುಕು ಇನ್ನೊಂದಿಲ್ಲ. ಟ್ರ್ಯಾಕಿನಲ್ಲಿ ಅದಕ್ಕೆ ಕಾಡುವುದು ಬ್ಯಾಟರಿಯ ತೂಕ, ಬಿಸಿ, ಮುಗಿದುಹೋಗುವ ಚಾರ್ಜು. ಫಾರ್ಮುಲಾ ಇ ಕಾರುಗಳು ಬ್ರೇಕ್ ಹಾಕುವಾಗಲೇ ವಿದ್ಯುತ್ತನ್ನು ಮರಳಿ ಪಡೆಯುತ್ತ ರೇಸ್ ಮುಗಿಸುತ್ತವೆ.

ಆರ್‌ಸಿ ಪುಸ್ತಕದ ಮಾತು

ಮನಸ್ಸಿಗೆ ಬಂದ ಎಂಜಿನ್ ತಂದು ಕೂರಿಸಿ ಕೆಎ–38 ಅಥವಾ ಕೆಎ–39 ಫಲಕದೊಂದಿಗೆ ಓಡಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ, ಆರ್‌ಸಿಯಲ್ಲಿ ನಮೂದಾದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಎಂಜಿನ್ ಕೆಟ್ಟು ಅದೇ ಬಗೆಯದನ್ನು ಹಾಕಿಸುವುದಾದರೂ ಆರ್‌ಟಿಒ ಒಪ್ಪಿಗೆ ಬೇಕು. ಅಪಘಾತವಾದ ದಿನ ವಿಮಾ ಕಂಪನಿಯವರು ಮೊದಲು ತೆರೆಯುವುದು ಬಾನೆಟ್ಟನ್ನೇ. ಟ್ರ್ಯಾಕಿಗಷ್ಟೇ ಮೀಸಲಾದ, ಲಾರಿಯ ಮೇಲೆ ಹೇರಿಕೊಂಡು ಹೋಗುವ ಕಾರಿನ ದಾರಿ ಬೇರೆ. ಅಲ್ಲಿ ಅನ್ವಯಿಸುವುದು ರೇಸ್ ಸಂಘಟನೆಯ ನಿಯಮ.

ಲೆಕ್ಕ ಹಾಕಿ ಆರಿಸಿ

ಹಾಗಾದರೆ ನಮ್ಮ ಸೀಮೆಯ ಆಸಕ್ತನೊಬ್ಬ ಯಾವುದನ್ನು ಆರಿಸಬೇಕು? ಕರ್ನಾಟಕದಲ್ಲಿ ಅಂತರರಾಷ್ಟ್ರೀಯ ದರ್ಜೆಯ ಕಾಯಂ ಕಾರ್ ಟ್ರ್ಯಾಕ್ ಇಲ್ಲ. ಬೀದರಿನಿಂದ ಚೆನ್ನೈ ಪಕ್ಕದ ಟ್ರ್ಯಾಕಿಗೆ ಏಳುನೂರು ಕಿಲೋಮೀಟರಿಗೂ ಹೆಚ್ಚು ದಾರಿ. ನಿಮ್ಮದೇ ಕಾರಿನಲ್ಲಿ ಹೋಗಿ, 3.7 ಕಿಲೋಮೀಟರಿನ ಆ ಟ್ರ್ಯಾಕನ್ನು ಇಪ್ಪತ್ತು ಸಲ ಸುತ್ತಿ ಬಂದಿರಿ ಅನ್ನಿ. ಟ್ರ್ಯಾಕಿನ ಮೇಲೆ ಓಡಿದ್ದು 74 ಕಿಲೋಮೀಟರ್, ರಸ್ತೆಯ ಮೇಲೆ 1,400ಕ್ಕೂ ಹೆಚ್ಚು. ನೂರಕ್ಕೆ ಐದು ಪಾಲಿಗಾಗಿ ತೊಂಬತ್ತೈದು ಪಾಲನ್ನು ಕೆಡಿಸಿಕೊಳ್ಳುವ ಎಂಜಿನ್ ಯಾರಿಗೆ ಬೇಕು?

ಎಂಜಿನ್ ಚಿಕ್ಕದಾದರೆ ಸ್ಪೋರ್ಟ್ಸ್ ಕಾರೇ ಅಲ್ಲ ಎಂಬ ಸಂಕೋಚವೂ ಬೇಡ. ಬೆಂಗಳೂರಿನ ಸಾನ್ ಸಮೂಹ 1990ರ ದಶಕದ ಕೊನೆಯಲ್ಲಿ ಗೋವಾದ ಕಾರ್ಖಾನೆಯಿಂದ ಹೊರತಂದ ಸಾನ್ ಸ್ಟಾರ್ಮ್ ಎರಡು ಸೀಟಿನ, ಛಾವಣಿ ತೆರೆಯುವ, ಫೈಬರ್ ಮೈಯ ಕಾರು. ಅದರ ಎಂಜಿನ್ ರೆನೊ ಕಂಪನಿಯ 1,149 ಸಿಸಿ, ಶಕ್ತಿ ಬರೀ 60 ಎಚ್‌ಪಿ. ಮಾರುಕಟ್ಟೆಯಲ್ಲಿ ಅದು ಗೆಲ್ಲಲಿಲ್ಲ. ಆದರೆ ಮೈ ಹಗುರಾದರೆ ಸಣ್ಣ ಎಂಜಿನ್ನೂ ನಗಿಸಬಲ್ಲದು ಎಂಬ ಅದರ ಸೂತ್ರ ಸುಳ್ಳಾಗಿರಲಿಲ್ಲ.

ರಸ್ತೆಗೆ ಆರಿಸುವವರು ಹಾಳೆಯಲ್ಲಿ ಎಚ್‌ಪಿಯ ಪಕ್ಕದ ಅಂಕಿ ನೋಡಲಿ: ಗರಿಷ್ಠ ಟಾರ್ಕ್ ಯಾವ ಸುತ್ತಿಗೆ ಶುರುವಾಗಿ ಯಾವ ಸುತ್ತಿನವರೆಗೆ ನಿಲ್ಲುತ್ತದೆ? 1,500–2,000ದಿಂದಲೇ ಶುರುವಾಗುವ ಸಣ್ಣ ಟರ್ಬೊ ಪೆಟ್ರೋಲ್ ಈ ಸೀಮೆಯ ಎತ್ತರಕ್ಕೂ ಬಿಸಿಲಿಗೂ ಟ್ರಾಲಿಗಳಿಗೂ ಸಲ್ಲುತ್ತದೆ. ವರ್ಷಕ್ಕೊಮ್ಮೆ ಟ್ರ್ಯಾಕಿಗೆ ಹೋಗುವ ಹಂಬಲವಿದ್ದರೆ ಎಂಜಿನ್ ಮುಟ್ಟಬೇಡಿ. ಆ ದುಡ್ಡಿನಲ್ಲಿ ಹೊಸ ಟೈರು, ಒಳ್ಳೆಯ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಎಣ್ಣೆ, ಹೊಸ ಎಂಜಿನ್ ಆಯಿಲ್ ಹಾಕಿಸಿ. ಒಂದು ಸುತ್ತಿನ ಸಮಯ ಇಳಿಸುವುದರಲ್ಲಿ ಹೊಸಬರಿಗೆ ಇವು ಇಪ್ಪತ್ತು ಎಚ್‌ಪಿಗಿಂತ ಹೆಚ್ಚು ನೆರವಾಗುತ್ತವೆ, ಆರ್‌ಸಿ ಪುಸ್ತಕಕ್ಕೂ ಧಕ್ಕೆಯಿಲ್ಲ.

ರೇಸಿನ ಹುಚ್ಚು ಅಷ್ಟಕ್ಕೆ ತಣಿಯದಿದ್ದರೆ ಕೊಯಮತ್ತೂರು, ಚೆನ್ನೈಗಳಲ್ಲಿ ತರಬೇತಿ ಶಾಲೆಗಳಿವೆ. ಶುಲ್ಕ ಕಟ್ಟಿದರೆ ಹೆಲ್ಮೆಟ್ಟಿನಿಂದ ಹಿಡಿದು ರೇಸ್ ಕಾರಿನವರೆಗೆ ಅವರೇ ಕೊಡುತ್ತಾರೆ. ರೈಲು ಹತ್ತಿ ಹೋಗಿ, ಅವರ ಎಂಜಿನ್ನನ್ನು ಕೆಂಪು ಗೆರೆಯವರೆಗೆ ಕೂಗಿಸಿ, ಇಳಿದು ಬನ್ನಿ. ಅದನ್ನು ಬಿಚ್ಚಿ ಕಟ್ಟುವ ಖರ್ಚು ಅವರದು. ಮನೆಯ ಮುಂದೆ ನಿಂತ ನಿಮ್ಮ ಗಾಡಿಯ ಅವರೇಜಿಗೆ ಏನೂ ಆಗಿರುವುದಿಲ್ಲ.